ಆತಂಕದ ಬೇರು ಮೂಳೆಮಜ್ಜೆಯಲ್ಲಿ

ಒತ್ತಡ ಎಂದೊಡನೆ ಕಾರ್ಟಿಸಾಲ್ ಎಂಬ ಹಾರ್ಮೋನು ನೆನಪಾಗುವುದು ರೂಢಿ. ಇಲಿಗಳಲ್ಲಿ ಅದೇ ಕೆಲಸ ಮಾಡುವುದು ಕಾರ್ಟಿಕೋಸ್ಟೆರಾನ್. ಆದರೆ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜಾನ್ ಶೆರಿಡನ್, ಜೊನಾಥನ್ ಗಾಡ್‌ಬೌಟ್ ಅವರ ಗುಂಪು ಮಾಡಿದ ಪ್ರಯೋಗಗಳಲ್ಲಿ ಹೆಚ್ಚು ಕೆಲಸ ಮಾಡಿದ್ದು, ನರಗಳ ತುದಿಯಿಂದ ಹೊರಬೀಳುವ ನಾರ್‌ಎಪಿನೆಫ್ರಿನ್.

ಇಲಿಗಳಿಗೆ ಒತ್ತಡ ಕೊಡುವ ವಿಧಾನ ಹೀಗಿದೆ. ಸಿ57 ತಳಿಯ ಮೂರು ಕಪ್ಪು ಗಂಡಿಲಿಗಳಿರುವ ಗೂಡಿಗೆ ಸಿಡಿ-1 ತಳಿಯ ದಪ್ಪನೆಯ, ಜಗಳಗಂಟ ಬಿಳಿ ಗಂಡಿಲಿಯನ್ನು ಬಿಡುತ್ತಾರೆ. ಸಂಜೆ 5ರಿಂದ 7, ಹೀಗೆ ಸತತ 6 ದಿನ. ಬಿಟ್ಟ 5–10 ನಿಮಿಷದೊಳಗೆ ಅದು ಮೇಲೆ ಬೀಳದಿದ್ದರೆ, ಅಥವಾ ಗೂಡಿನ ಇಲಿಗಳೇ ಅದನ್ನು ಅಟ್ಟಿದರೆ, ಇನ್ನೊಂದನ್ನು ತರಬೇಕು. ಮೆತ್ತನೆಯ ಜಗಳಗಂಟ ಸಿಕ್ಕಿದರೆ ಇಡೀ ಗುಂಪಿನ ಫಲಿತಾಂಶ ಮಸುಕಾಗುತ್ತದೆ. ಗಾಯ ಆಳವಾದ ಇಲಿಯನ್ನು ಕೈಬಿಡಲೇಬೇಕು: ದಯೆಯ ಮಾತು ಒತ್ತಟ್ಟಿಗಿರಲಿ, ಗಾಯದ ಉರಿಯೂತವೇ ರಕ್ತದ ಮಾನೊಸೈಟ್‌ಗಳನ್ನು (ಒಂದು ಬಗೆಯ ಬಿಳಿ ರಕ್ತಕಣ) ಏರಿಸಿಬಿಡುತ್ತದೆ. ಹೆಣ್ಣಿಲಿಗಳ ಮೇಲೆ ಈ ಗಂಡುಗಳು ಸಾಮಾನ್ಯವಾಗಿ ಎರಗುವುದಿಲ್ಲ. ಹಾಗಾಗಿ ಈ ಬಗೆಯ ಮಾಹಿತಿಯೆಲ್ಲ ಹೆಚ್ಚಾಗಿ ಗಂಡಿಲಿಗಳದ್ದು.

ಒಳಗೆ ನಡೆಯುವುದು ಇಷ್ಟು. ಅಪಾಯದ ಹೊತ್ತಿಗೆ ಚುರುಕಾಗುವ ಸಿಂಪಥೆಟಿಕ್ ನರಗಳು ಮೂಳೆಮಜ್ಜೆಯಲ್ಲಿ ನಾರ್‌ಎಪಿನೆಫ್ರಿನ್ ಸುರಿಸುತ್ತವೆ. ಮಜ್ಜೆ ಎಳೆಯ ಮಾನೊಸೈಟ್‌ಗಳನ್ನು ಹೆಚ್ಚೆಚ್ಚು ಹೊರಗೆ ಕಳಿಸುತ್ತದೆ. ಇವು ಕಾರ್ಟಿಕೋಸ್ಟೆರಾನ್ ಮಾತಿಗೆ ಜಗ್ಗುವುದಿಲ್ಲ. ಆ ಹಾರ್ಮೋನು ಎಷ್ಟೇ ಏರಿದರೂ ಉರಿಯೂತ ಅಡಗದಿರುವುದಕ್ಕೆ ಅದೇ ಕಾರಣ. ಇತ್ತ ಮಿದುಳಿನ ರಕ್ಷಣಾ ಕೋಶಗಳಾದ ಮೈಕ್ರೊಗ್ಲಿಯಾ ಕೆರಳಿ ಸಿಸಿಎಲ್2 ಎಂಬ ಕೀಮೋಕೈನ್ (ಕರೆ ಸಂಕೇತದ ಪ್ರೋಟೀನ್) ಹೊರಬಿಟ್ಟು ಮಾನೊಸೈಟ್‌ಗಳನ್ನು ಕರೆಯುತ್ತವೆ. ಬಂದವು ರಕ್ತನಾಳದ ಗೋಡೆಗೆ ಅಂಟಿ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಪ್ರೋಟೀನ್ ಸ್ರವಿಸುತ್ತವೆ, ಅದು ಆತಂಕಕ್ಕೆ ದಾರಿ ಮಾಡುತ್ತದೆ. ಕರೆಯನ್ನು ಕೇಳಿಸಿಕೊಳ್ಳುವ ಸಿಸಿಆರ್2 ಗ್ರಾಹಿ ಇಲ್ಲದ ಇಲಿಗಳಲ್ಲಿ ಅದೇ ಒತ್ತಡದ ನಂತರವೂ ಆತಂಕದ ಲಕ್ಷಣ ಕಾಣಲಿಲ್ಲ.

ಪ್ರತಿ ಸಂಜೆಯ ಜಗಳಕ್ಕೂ ಮುಂಚೆ, ನಾರ್‌ಎಪಿನೆಫ್ರಿನ್ ಕೆಲಸವನ್ನು ತಡೆಯುವ ಪ್ರೊಪ್ರಾನೊಲಾಲ್ (ಕಿಲೋ ತೂಕಕ್ಕೆ 10 ಮಿಲಿಗ್ರಾಂ) ಚುಚ್ಚಿದಾಗಲೂ ಆತಂಕ ತಪ್ಪಿತು. ಇದನ್ನು ಮಾತ್ರ ಅವಸರದಲ್ಲಿ ಓದಬಾರದು. ಪ್ರೊಪ್ರಾನೊಲಾಲ್ ಮಿದುಳಿಗೂ ಇಳಿಯುವ ಔಷಧ. ತಡೆದದ್ದು ಮಜ್ಜೆಯಲ್ಲೋ ಮಿದುಳಿನಲ್ಲೋ ಎಂದು ಇದೊಂದರಿಂದಲೇ ಹೇಳಲಾಗದು. ಅದೇ ಬಗೆಯ, ಆದರೆ ಮಿದುಳಿಗೆ ಅಷ್ಟಾಗಿ ಇಳಿಯದ ನಾಡೊಲಾಲ್ ಕೊಟ್ಟ ಗುಂಪೊಂದು ಜೊತೆಗಿದ್ದರೆ ಅನುಮಾನ ಬಹುಪಾಲು ತೀರುತ್ತದೆ.

ಅಳತೆಯಲ್ಲಿ ಹೆಚ್ಚು ಎಡವುವುದು ಮಿದುಳಿನ ಕೋಶ ಎಣಿಸುವಾಗ. ಹೃದಯದ ಎಡ ಕೆಳಕೋಣೆಯ ಮೂಲಕ ತಣ್ಣನೆಯ ಬಫರ್ ಹರಿಸಿ, ಯಕೃತ್ತು ಬಿಳಿಚಿಕೊಳ್ಳುವವರೆಗೂ ರಕ್ತ ತೊಳೆಯಬೇಕು. ಅರೆಬರೆ ತೊಳೆದರೆ ನಾಳದೊಳಗಿನ ರಕ್ತದ ಮಾನೊಸೈಟ್‌ಗಳೂ ‘ಮಿದುಳು ಹೊಕ್ಕವು’ ಎಂಬ ಲೆಕ್ಕಕ್ಕೆ ಸೇರುತ್ತವೆ. ಚೆನ್ನಾಗಿ ತೊಳೆದರೂ ಗೋಡೆಗೆ ಅಂಟಿದವು ಹೋಗುವುದಿಲ್ಲ. ಫ್ಲೋ ಸೈಟೋಮೆಟ್ರಿ (ಕೋಶಗಳನ್ನು ಬಿಡಿಬಿಡಿಯಾಗಿ ಎಣಿಸುವ ವಿಧಾನ) ಅವನ್ನು ಒಳಹೊಕ್ಕವುಗಳಿಂದ ಬೇರೆ ಮಾಡಲಾರದು, ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಮಜ್ಜೆ ಕಸಿ ಮಾಡಿದ ಇಲಿಗಳಲ್ಲಿ ಇನ್ನೊಂದು ತೊಡಕು: ಕಸಿಗೆ ಮುಂಚಿನ ವಿಕಿರಣವೇ ರಕ್ತದ ಕೋಶಗಳು ಮಿದುಳಿಗೆ ನುಗ್ಗದಂತೆ ಕಾಯುವ ರಕ್ತ-ಮಿದುಳು ತಡೆಯನ್ನು ಸಡಿಲಿಸುತ್ತದೆ. ತಲೆಗೆ ಸೀಸದ ಮರೆ ಕೊಡುವುದು ಒಂದು ದಾರಿ.

ವರ್ತನೆಯ ಪರೀಕ್ಷೆ ಕೊನೆಯ ಜಗಳದ ಮರುದಿನ ಬೆಳಿಗ್ಗೆ. ತೆರೆದ ಅಂಗಳದ (ಪರೀಕ್ಷೆಯ ಬರಿಯ ಪೆಟ್ಟಿಗೆ) ನಡುಭಾಗಕ್ಕೆ ಇಲಿ ಬರದಿದ್ದರೆ ಅದು ಆತಂಕವೇ ಆಗಬೇಕಿಲ್ಲ, ಸುಸ್ತೂ ಇರಬಹುದು. ನಡೆದ ಒಟ್ಟು ದೂರವನ್ನೂ ನೋಡಬೇಕು.

ಆತಂಕ ಕೆಲವು ವಾರಗಳಲ್ಲಿ ಇಳಿಯುತ್ತದೆ, ಆದರೆ ಗುಲ್ಮ (ಸ್ಪ್ಲೀನ್) ಮರೆಯುವುದಿಲ್ಲ. 24 ದಿನಗಳ ನಂತರ ಒಂದೇ ಒಂದು ಸಂಜೆಯ ಜಗಳ ಸಾಕು, ಅಲ್ಲಿ ಕೂತಿದ್ದ ಮಾನೊಸೈಟ್‌ಗಳು ಹೊರಟು ಆತಂಕ ಮರಳುತ್ತದೆ. ಗುಲ್ಮ ತೆಗೆದ ಇಲಿಗಳಲ್ಲಿ ಮರಳುವುದಿಲ್ಲ. ಇದನ್ನು ಮಾಡುವವರು, ಹಿಂದೆ ಕಾಟವನ್ನೇ ಕಾಣದೆ ಆ ಒಂದು ಸಂಜೆಯನ್ನಷ್ಟೇ ಕಂಡ ಇಲಿಗಳ ಗುಂಪನ್ನು ಮರೆಯದೆ ಇಟ್ಟುಕೊಳ್ಳಬೇಕು.