ಸೂಜಿ ಒಂದೇ, ಲೈಸೆನ್ಸ್ ರಾಜ್ಯಕ್ಕೊಂದು

ಸೂಜಿ ಚುಚ್ಚಿ ಚಿಕಿತ್ಸೆ ಕೊಡುವ ಅಕ್ಯುಪಂಕ್ಚರ್ ಕ್ಲಿನಿಕ್‌ನಲ್ಲಿ ಕೆಲಸ ಅಂದರೆ ಸಾಕು, "ಹಂಗಾದ್ರೆ ನೀನೂ ಚುಚ್ತೀಯಾ?" ಅಂತ ಕೇಳುತ್ತಾರೆ. ಇಲ್ಲಪ್ಪ. ಚುಚ್ಚುವವರ ಕಾಗದಪತ್ರ ಸರಿ ಇದೆಯಾ ಅಂತ ನೋಡಿಕೊಳ್ಳುವುದು ನನ್ನ ಕೆಲಸ. ಕ್ಯಾಲಿಫೋರ್ನಿಯಾದ ಸೌತ್ ಬೇ ಕಡೆ ಒಂದು ಕ್ಲಿನಿಕ್‌ನಲ್ಲಿ ಆಫೀಸ್ ಮ್ಯಾನೇಜರ್ ನಾನು. ಅಪಾಯಿಂಟ್‌ಮೆಂಟ್, ಇನ್ಶೂರೆನ್ಸ್ ಬಿಲ್ಲು, ಹೊಸದಾಗಿ ಸೇರುವವರ ಲೈಸೆನ್ಸ್, ಕೊನೆಗೆ ಬಳಸಿದ ಸೂಜಿಯ ಡಬ್ಬಿ ತುಂಬಿತಾ ಅನ್ನುವುದೂ ನನ್ನ ತಲೆ ಮೇಲೆಯೇ.

ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ. "ಇದು ನಿಜವಾಗ್ಲೂ ಕೆಲಸ ಮಾಡುತ್ತಾ?" ಅದಕ್ಕೆ ಉತ್ತರ ಹೇಳುವ ಯೋಗ್ಯತೆ ನನಗಿಲ್ಲ. ತಮಾಷೆ ಏನು ಗೊತ್ತಾ, ಲೈಸೆನ್ಸ್ ಕೊಡುವ ರಾಜ್ಯ ಸರ್ಕಾರವೂ ಆ ಪ್ರಶ್ನೆಯ ತಂಟೆಗೆ ಹೋಗುವುದಿಲ್ಲ. ಯಾರು ಚುಚ್ಚಬಹುದು, ಎಲ್ಲಿ ಕೂತು ಚುಚ್ಚಬಹುದು, ಏನು ಮಾಡಬಾರದು, ಎಡವಟ್ಟಾದರೆ ಯಾರನ್ನು ಹಿಡಿದು ಕೇಳಬೇಕು. ಲೈಸೆನ್ಸ್ ಹೇಳುವುದು ಇಷ್ಟೇ. ಗೋಡೆ ಮೇಲೆ ಫ್ರೇಮ್ ನೋಡಿ "ಸರ್ಕಾರವೇ ಒಪ್ಪಿದೆ ಅಂದ ಮೇಲೆ ಮಂಡಿನೋವು ವಾಸಿಯಾದ ಹಾಗೇ" ಅಂದುಕೊಳ್ಳುವವರು ಜಾಸ್ತಿ. ಇನ್ನು ಕೆಲವರು "ಇದೆಲ್ಲ ಬೊಗಳೆ, ಇದಕ್ಕೂ ಒಂದು ಲೈಸೆನ್ಸಾ?" ಅಂತ ಮೂಗು ಮುರಿಯುತ್ತಾರೆ. ಬೊಗಳೆಯೇ ಅಂತ ಇಟ್ಟುಕೊಳ್ಳೋಣ. ಸೂಜಿ ಸೂಜಿಯೇ ತಾನೇ? ಎದೆ ಭಾಗದಲ್ಲಿ ಬೇಕಾದ್ದಕ್ಕಿಂತ ಆಳಕ್ಕೆ ಇಳಿದರೆ ಶ್ವಾಸಕೋಶಕ್ಕೆ ತೂತು ಬೀಳುತ್ತದೆ.

ಒಂದು ಸಲ ನಮ್ಮಲ್ಲಿ ಕೆಲಸಕ್ಕೆ ಟೆಕ್ಸಾಸಿನಿಂದ ಒಬ್ಬರು ಬಂದರು. ಅನುಭವಸ್ಥರು, ಕೈಗುಣ ಚೆನ್ನಾಗಿದೆ ಅಂತ ಹೆಸರಿತ್ತು. ಮುಂದಿನ ವಾರದಿಂದಲೇ ಶುರು ಮಾಡುತ್ತೇನೆ ಅಂದರು. ಟೆಕ್ಸಾಸ್ ಲೈಸೆನ್ಸ್ ಇದೆ, ರಾಷ್ಟ್ರಮಟ್ಟದ ಪರೀಕ್ಷೆಯೂ ಪಾಸಾಗಿದೆ, ಇನ್ನೇನು ಬೇಕು ಅನ್ನುವುದು ಅವರ ವಾದ. ಬೇಕಾದ್ದು ಕ್ಯಾಲಿಫೋರ್ನಿಯಾ ಪರೀಕ್ಷೆ. ಈ ರಾಜ್ಯ ಮೊದಲಿನಿಂದಲೂ ತನ್ನದೇ ಪರೀಕ್ಷೆ ನಡೆಸಿಕೊಂಡು ಬಂದಿದೆ. ಇಂಗ್ಲಿಷ್, ಚೀನೀ, ಕೊರಿಯನ್ ಮೂರರಲ್ಲಿ ಯಾವುದರಲ್ಲಾದರೂ ಬರೆಯಬಹುದು. ಅದಕ್ಕೆ ಕೂರಬೇಕಾದರೆ 3000 ಗಂಟೆಗಳ ಓದು, ಅದರಲ್ಲಿ 950 ಗಂಟೆ ರೋಗಿಗಳ ಜೊತೆ ಕ್ಲಿನಿಕ್‌ನಲ್ಲಿ. ಬೇರೆ ರಾಜ್ಯದ ಲೈಸೆನ್ಸ್ ತೋರಿಸಿ "ಇದನ್ನೇ ಒಪ್ಪಿಕೊಳ್ಳಿ" ಅನ್ನುವ ದಾರಿ ಇಲ್ಲಿಲ್ಲ.

ಅವರಿಗೆ ಇನ್ನೊಂದು ಆಶ್ಚರ್ಯ. "ರೋಗಿಯನ್ನು ಮೊದಲು ವೈದ್ಯರು ನೋಡಿದ್ದಾರೆ ಅನ್ನುವ ಫಾರಂ ಎಲ್ಲಿ ಇಡ್ತೀರಿ?" ಅಂತ ಕೇಳಿದರು. ಟೆಕ್ಸಾಸಿನಲ್ಲಿ ಹಲವು ತೊಂದರೆಗಳಿಗೆ ಅದು ಕಡ್ಡಾಯ. ಕ್ಯಾಲಿಫೋರ್ನಿಯಾದಲ್ಲಿ ಆ ನಿಯಮ 1970ರ ದಶಕದ ಕೊನೆಗೇ ಹೋಯಿತು. ಇಲ್ಲಿ ನೇರವಾಗಿ ಬಾಗಿಲು ತಳ್ಳಿಕೊಂಡು ಬರಬಹುದು. ಅದೇ ಸೂಜಿ, ಅದೇ ಬೆನ್ನು. ರಾಜ್ಯದ ಗಡಿ ದಾಟಿದರೆ ಕಾನೂನು ಬೇರೆ. ಫ್ಲಾರಿಡಾಕ್ಕೆ ಹೋದರೆ ಇದೇ ಕಸುಬಿನವರನ್ನು ಕಾನೂನು "ಅಕ್ಯುಪಂಕ್ಚರ್ ಫಿಸಿಶಿಯನ್" ಅನ್ನುತ್ತದೆ. ನ್ಯೂ ಮೆಕ್ಸಿಕೋದಲ್ಲಿ "ಡಾಕ್ಟರ್ ಆಫ್ ಓರಿಯೆಂಟಲ್ ಮೆಡಿಸಿನ್". ಕ್ಯಾಲಿಫೋರ್ನಿಯಾದಲ್ಲಿ ಬರೀ ಅಕ್ಯುಪಂಕ್ಚರಿಸ್ಟ್.

ಹೀಗೇಕೆ ಅಂತ ಕೆದಕುತ್ತಾ ಹೋದೆ. ಆಮೇಲೆ ಅರ್ಥವಾಯಿತು, ಈ ಕಾನೂನುಗಳನ್ನು ಯಾರೂ ಒಟ್ಟಿಗೆ ಕೂತು ಯೋಚಿಸಿ ಮಾಡಿದ್ದಲ್ಲ. 1971ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಕರ್ತ ಜೇಮ್ಸ್ ರೆಸ್ಟನ್ ಬೀಜಿಂಗಿನಲ್ಲಿದ್ದಾಗ ಅಪೆಂಡಿಕ್ಸ್ ಆಪರೇಷನ್ ಆಯಿತು. ಆಪರೇಷನ್ ಆದ ಮೇಲಿನ ಹೊಟ್ಟೆಯ ಸಂಕಟಕ್ಕೆ ಅಲ್ಲಿನವರು ಸೂಜಿ ಹಾಕಿದರು. ರೆಸ್ಟನ್ ಅದನ್ನು ಬರೆದರು, ಅಮೆರಿಕದಲ್ಲಿ ಎಲ್ಲರ ಬಾಯಲ್ಲೂ ಅಕ್ಯುಪಂಕ್ಚರ್. ಎರಡೇ ವರ್ಷದಲ್ಲಿ, 1973ರಲ್ಲಿ, ನೆವಾಡಾ ಮೊದಲ ಕಾನೂನು ಮಾಡಿತು. ಅದು ಆದ ರೀತಿ ಕೇಳಿದರೆ ನಮ್ಮ ಕಡೆಯ ರಾಜಕಾರಣ ನೆನಪಾಗುತ್ತದೆ. ರಾಜಧಾನಿ ಕಾರ್ಸನ್ ಸಿಟಿಯಲ್ಲಿ ಶಾಸನಸಭೆಯ ಎದುರಿಗೇ ಹಾಂಗ್‌ಕಾಂಗಿನ ಒಬ್ಬ ವೈದ್ಯರನ್ನು ಕರೆಸಿ ಕೂರಿಸಿದರು. ಶಾಸಕರು ರಸ್ತೆ ದಾಟಿ ಬಂದು ಬೆನ್ನುನೋವು, ಸೈನಸ್ಸು ಅಂತ ಸೂಜಿ ಹಾಕಿಸಿಕೊಂಡು ವಾಪಸ್ ಹೋಗಿ ವೋಟು ಹಾಕಿದರು. ಮಸೂದೆ ಸಲೀಸಾಗಿ ಪಾಸು.

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಷ್ಟು ಸಲೀಸಾಗಲಿಲ್ಲ. ನಮ್ಮ ಕ್ಲಿನಿಕ್‌ನಿಂದ ಸ್ವಲ್ಪವೇ ದೂರದ ಪಾಲೋ ಆಲ್ಟೋದಲ್ಲಿ ಮಿರಿಯಂ ಲೀ ಅಂತ ಒಬ್ಬ ಮಹಿಳೆ ಇದ್ದರು. ಚೀನಾದಿಂದ ಬಂದವರು, ಅಲ್ಲಿ ಸೂಲಗಿತ್ತಿಯ ಕೆಲಸವನ್ನೂ ಅಕ್ಯುಪಂಕ್ಚರನ್ನೂ ಕಲಿತವರು. ಹೊಟ್ಟೆಪಾಡಿಗೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿಕೊಂಡು, ಜೊತೆಗೆ ರೋಗಿಗಳನ್ನು ನೋಡುತ್ತಿದ್ದರು. 1974ರಲ್ಲಿ ಲೈಸೆನ್ಸ್ ಇಲ್ಲದೆ ವೈದ್ಯ ಮಾಡುತ್ತಿದ್ದಾರೆ ಅಂತ ಪೊಲೀಸರು ಹಿಡಿದರು. ವಿಚಾರಣೆಯ ದಿನ ಅವರ ರೋಗಿಗಳೇ ಕೋರ್ಟು ತುಂಬಿಕೊಂಡರು. ಲೈಸೆನ್ಸ್ ತೆಗೆದುಕೊಳ್ಳೋಣ ಅಂದರೆ ಆಗ ಅಂಥದ್ದೊಂದು ಇರಲೇ ಇಲ್ಲವಲ್ಲ! ಮರುವರ್ಷ ಗವರ್ನರ್ ಜೆರ್ರಿ ಬ್ರೌನ್ ಮಸೂದೆಗೆ ಸಹಿ ಹಾಕಿದ ಮೇಲೆಯೇ ಇಲ್ಲಿ ಕಾನೂನುಬದ್ಧ ದಾರಿ ತೆರೆದದ್ದು. ಲೈಸೆನ್ಸ್ ಅರ್ಜಿ ತುಂಬುವಾಗ ಯಾರಾದರೂ ಗೊಣಗಿದರೆ ನಾನು ಈ ಕಥೆ ಹೇಳುತ್ತೇನೆ. ಗೊಣಗಾಟ ನಿಲ್ಲುವುದಿಲ್ಲ, ಅದು ಬೇರೆ ವಿಷಯ.

ಹಾಗಂತ ಲೈಸೆನ್ಸ್ ಕೊಡುವ ರಾಜ್ಯದ ಬೋರ್ಡು ಅಂದರೆ ದೇವಸ್ಥಾನ ಅಂತಲೂ ನಾನು ತಿಳಿದಿಲ್ಲ. 1980ರ ದಶಕದ ಕೊನೆಯಲ್ಲಿ ಇದೇ ರಾಜ್ಯದಲ್ಲಿ, ಪರೀಕ್ಷೆ ನಡೆಸುವ ಸಮಿತಿಯಲ್ಲಿದ್ದವರೇ ಒಬ್ಬರು ದುಡ್ಡು ತೆಗೆದುಕೊಂಡು ಪರೀಕ್ಷೆಯ ಗುಟ್ಟು ಮಾರಿ ಶಿಕ್ಷೆಗೊಳಗಾದರು. ಈಗಿನ ಬೋರ್ಡಿನಲ್ಲಿ ಏಳು ಜನ. ಅವರಲ್ಲಿ ಮೂವರು ಮಾತ್ರ ಕಸುಬಿನವರು, ನಾಲ್ವರು ಹೊರಗಿನ ಸಾರ್ವಜನಿಕರು. ನನಗಂತೂ ಇದು ಒಳ್ಳೆಯ ಲೆಕ್ಕ ಅನ್ನಿಸುತ್ತದೆ. ಕಸುಬಿನವರೇ ಎಲ್ಲ ತುಂಬಿಕೊಂಡರೆ ಬೋರ್ಡು ಸಂಘ ಆಗಿಬಿಡುತ್ತದೆ, ಹೊಸಬರನ್ನು ಹೊರಗಿಡುವುದೇ ಕೆಲಸವಾಗುತ್ತದೆ.

ನನ್ನ ಮೇಜಿಗೆ ಜಾಸ್ತಿ ಬರುವ ತಲೆನೋವು ವಿಳಾಸದ್ದು. ಲೈಸೆನ್ಸ್ ವ್ಯಕ್ತಿಗೆ ತಾನೇ, ಒಮ್ಮೆ ಸಿಕ್ಕರೆ ಮುಗಿಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. 2021ರಿಂದ ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ಜಾಗಕ್ಕೂ ಬೇರೆ ಗೋಡೆ ಲೈಸೆನ್ಸ್ ಬೇಕು. ಸೋಮವಾರ ನಮ್ಮಲ್ಲಿ, ಗುರುವಾರ ಇನ್ನೊಂದು ಕ್ಲಿನಿಕ್‌ನಲ್ಲಿ ಕೆಲಸ ಮಾಡುವವರಿಗೆ ಎರಡು ಕಡೆಯೂ ಒಂದೊಂದು, ಅದೂ ಬಂದವರಿಗೆ ಕಾಣುವ ಹಾಗೆ ತೂಗುಹಾಕಬೇಕು. ಮನೆಗೆ ಹೋಗಿ ಚಿಕಿತ್ಸೆ ಕೊಟ್ಟರೆ ಜೇಬಿನ ಲೈಸೆನ್ಸ್ ಜೊತೆಗಿರಬೇಕು. ನಾವು ರಸ್ತೆಯ ಆಚೆ ಬದಿಗೆ ಕ್ಲಿನಿಕ್ ಸಾಗಿಸಿದಾಗ ಮಾಲೀಕರು ಸೋಫಾ, ಪರದೆ, ಅಕ್ವೇರಿಯಂ ಅಂತ ಓಡಾಡುತ್ತಿದ್ದರು. ನಾನು ಹೊಸ ವಿಳಾಸದ ಅರ್ಜಿಗಳನ್ನು ಹಿಡಿದುಕೊಂಡು ಒಬ್ಬೊಬ್ಬರ ಹಿಂದೆ ಸಹಿಗೆ ಓಡುತ್ತಿದ್ದೆ. ಹಳೆಯ ಫ್ರೇಮನ್ನು ಹೊಸ ಗೋಡೆಗೆ ಮೊಳೆ ಹೊಡೆದರೆ ಆಗುವುದಿಲ್ಲ, ಅದರಲ್ಲಿ ಹಳೆಯ ವಿಳಾಸ ಇರುತ್ತದೆ.

ನವೀಕರಣ ಎರಡು ವರ್ಷಕ್ಕೊಮ್ಮೆ, ಹುಟ್ಟಿದ ತಿಂಗಳ ಕೊನೆಯ ದಿನಕ್ಕೆ. ಅಷ್ಟರೊಳಗೆ 50 ಗಂಟೆಗಳ ಕಲಿಕೆ ತೋರಿಸಬೇಕು. ಹಾಗಾಗಿ ನಮ್ಮಲ್ಲಿ ಯಾರ ಹುಟ್ಟುಹಬ್ಬ ಯಾವಾಗ ಅಂತ ನನಗೆ ಬಾಯಿಪಾಠ. ಎಲ್ಲರೂ ಕೇಕು ಕತ್ತರಿಸುವಾಗ ನಾನು ಮೆಲ್ಲಗೆ "ರಿನ್ಯೂವಲ್ ಕಟ್ಟಿದ್ರಾ?" ಅಂತ ಕೇಳುತ್ತೇನೆ. ಅವಧಿ ಮುಗಿದ ಲೈಸೆನ್ಸ್ ಇಟ್ಟುಕೊಂಡು ಒಂದು ದಿನ ಸೂಜಿ ಹಾಕಿದರೂ ಅದು ಲೈಸೆನ್ಸ್ ಇಲ್ಲದೆ ಹಾಕಿದ ಲೆಕ್ಕವೇ. ಇನ್ಶೂರೆನ್ಸ್‌ನವರು ಆ ದಿನದ ಬಿಲ್ಲನ್ನು ತಿರುಗಿಸಿ ಕಳಿಸುತ್ತಾರೆ.

ಚಿಕಿತ್ಸೆಯ ಕೋಣೆಯ ನಿಯಮಗಳು ಇನ್ನೂ ಬಿಗಿ. ಕೈ ತೊಳೆಯುವುದು, ಚುಚ್ಚುವ ಜಾಗ ಒರೆಸುವುದು ಇದ್ದದ್ದೇ. ನನಗೆ ಇಷ್ಟವಾಗಿದ್ದು ಮುರಿದ ಸೂಜಿಯ ನಿಯಮ. ಸೂಜಿ ಚರ್ಮದೊಳಗೆ ಮುರಿದರೆ ಅಕ್ಯುಪಂಕ್ಚರಿಸ್ಟ್ ತಕ್ಷಣ ವೈದ್ಯರನ್ನು ಸಂಪರ್ಕಿಸಬೇಕು. ಕೊಯ್ದು ತೆಗೆಯುವ ಸಾಹಸ ಮಾಡುವ ಹಾಗಿಲ್ಲ. ಇಂಜೆಕ್ಷನ್ ಸೂಜಿಯನ್ನು ಇದಕ್ಕೆ ಬಳಸುವ ಹಾಗೂ ಇಲ್ಲ. ಬಳಸಿದ ಪ್ರತಿಯೊಂದು ಸೂಜಿಯೂ ತೂತು ಬೀಳದ ಗಟ್ಟಿ ಡಬ್ಬಿಗೆ ಹೋಗಬೇಕು. ಇಲ್ಲೊಂದು ಸ್ವಾರಸ್ಯ ಇದೆ. 1996ರಲ್ಲಿ ಔಷಧ, ವೈದ್ಯಕೀಯ ಸಾಮಾನುಗಳ ಮೇಲೆ ಕಣ್ಣಿಡುವ ಕೇಂದ್ರದ ಎಫ್‌ಡಿಎ ಅಕ್ಯುಪಂಕ್ಚರ್ ಸೂಜಿಯನ್ನು ಪ್ರಯೋಗದ ಸಾಮಾನು ಅನ್ನುವ ಪಟ್ಟಿಯಿಂದ ತೆಗೆಯಿತು. ಕ್ರಿಮಿರಹಿತವಾಗಿರಬೇಕು, ಒಂದೇ ಸಲ ಬಳಸಬೇಕು, ಅರ್ಹರಿಗೆ ಮಾತ್ರ ಮಾರಬೇಕು ಅಂದಿತು. ಅರ್ಹರು ಯಾರು? ಅದನ್ನು ರಾಜ್ಯಗಳೇ ನಿರ್ಧರಿಸಲಿ ಅಂತ ಕೈತೊಳೆದುಕೊಂಡಿತು.

ನಮ್ಮವರು ಬಂದರೆ ಬೇರೆಯದೇ ಫಜೀತಿ. ತುಮಕೂರಿನಿಂದ ಮಗಳ ಮನೆಗೆ ಬಂದಿದ್ದ ಒಬ್ಬರು ಅಮ್ಮ ಭುಜದ ನೋವಿಗೆ ಬರುತ್ತಿದ್ದರು. ಬಿಳಿ ಕೋಟು ಕಂಡ ಕೂಡಲೇ "ನಮಸ್ಕಾರ ಡಾಕ್ಟ್ರೇ". ಕ್ಯಾಲಿಫೋರ್ನಿಯಾದಲ್ಲಿ ಈ ಕಸುಬಿನವರು ಡಾಕ್ಟರೇಟ್ ಪದವಿ ಪಡೆದಿದ್ದರೆ ಮಾತ್ರ ಹೆಸರಿಗೆ "ಡಾ." ಹಾಕಬಹುದು. ಆಗಲೂ ಯಾವ ಲೈಸೆನ್ಸು ಅಂತ ಜೊತೆಗೇ ಹೇಳಬೇಕು, ಇಲ್ಲದಿದ್ದರೆ ಅದು ನಡತೆ ತಪ್ಪಿದ ಹಾಗೆ. ನಮ್ಮ ಕ್ಲಿನಿಕ್‌ನವರಿಗೆ ಆ ಪದವಿ ಇರಲಿಲ್ಲ. ಅಮ್ಮ ಕರೆದರೆ ಕಾನೂನೇನೂ ಮುರಿಯುವುದಿಲ್ಲ ಬಿಡಿ. ನಾನು ತಲೆಕೆಡಿಸಿಕೊಂಡಿದ್ದು ಅದರ ಮುಂದಿನ ಮಾತಿಗೆ. "ಏನಮ್ಮಾ, ಬಿಪಿ ಮಾತ್ರೆ ನಿಲ್ಲಿಸ್ಬಹುದಾ ಅಂತ ಡಾಕ್ಟ್ರನ್ನ ಕೇಳಿ ಹೇಳು" ಅಂದರು. "ಅಮ್ಮ, ಇವರು ಸೂಜಿ, ಗಿಡಮೂಲಿಕೆ, ಪಥ್ಯ ಇಷ್ಟೇ ಹೇಳೋ ಹಾಗಿರೋದು. ಮಾತ್ರೆ ವಿಷಯ ತುಮಕೂರಿನ ಡಾಕ್ಟ್ರಿಗೇ ಫೋನ್ ಮಾಡಿ" ಅಂದೆ. ಅವರಿಗೆ ಸ್ವಲ್ಪ ಬೇಜಾರಾಯಿತು. ಒಳಗೆ ಹೋಗಿ ನೇರವಾಗಿಯೇ ಕೇಳಿದರು, ಅದೇ ಉತ್ತರ ಸಿಕ್ಕಿತು.

ಹಿರಿಯರದ್ದು ಇನ್ನೊಂದು ಗೋಳು ಮೆಡಿಕೇರ್, ಅಂದರೆ ಕೇಂದ್ರ ಸರ್ಕಾರ ಹಿರಿಯರಿಗೆ ಕೊಡುವ ಆರೋಗ್ಯ ವಿಮೆ. 2020ರಿಂದ ಅದು ಅಕ್ಯುಪಂಕ್ಚರಿಗೆ ದುಡ್ಡು ಕೊಡುತ್ತದೆ, ಆದರೆ 12 ವಾರ ದಾಟಿದ ಸೊಂಟನೋವಿಗೆ ಮಾತ್ರ. 90 ದಿನದಲ್ಲಿ 12 ಸಲ, ಗುಣ ಕಂಡರೆ ಇನ್ನೂ ಎಂಟು, ವರ್ಷಕ್ಕೆ 20ರ ಮೇಲೆ ಇಲ್ಲ. ಆದರೂ ಅಕ್ಯುಪಂಕ್ಚರಿಸ್ಟ್ ಹೆಸರಲ್ಲಿ ನೇರವಾಗಿ ಬಿಲ್ಲು ಕಳಿಸಿದರೆ ಹಾದುಹೋಗುವುದಿಲ್ಲ. ವೈದ್ಯರ ಮೇಲ್ವಿಚಾರಣೆಯಲ್ಲಿ ಆಗಬೇಕು, ಬಿಲ್ಲೂ ಆ ಕಡೆಯಿಂದಲೇ ಹೋಗಬೇಕು. ರಾಜ್ಯ ಪೂರ್ತಿ ಲೈಸೆನ್ಸ್ ಕೊಟ್ಟ ಮನುಷ್ಯನನ್ನು ಕೇಂದ್ರ ಸಹಾಯಕ ಅಂತ ನೋಡುತ್ತದೆ. ಇದರಲ್ಲಿ ಏನು ನ್ಯಾಯ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಫಿಸಿಯೋಥೆರಪಿಯವರ ಡ್ರೈ ನೀಡ್ಲಿಂಗ್, ಅಂದರೆ ನೋಯುವ ಸ್ನಾಯುವಿಗೆ ಇದೇ ಥರದ ಸೂಜಿ ಚುಚ್ಚುವುದು, ಅದರ ಜಗಳವಂತೂ ಮುಗಿಯುವಂಥದ್ದಲ್ಲ. ಅರಿಜೋನಾ, ಕೊಲರಾಡೊದಲ್ಲಿ ಅವರು ಮಾಡಬಹುದು, ಕ್ಯಾಲಿಫೋರ್ನಿಯಾದಲ್ಲಿ ಅವರ ಲೈಸೆನ್ಸಿಗೆ ಆ ಅವಕಾಶ ಇಲ್ಲ. ನಾರ್ತ್ ಕ್ಯಾರೊಲಿನಾದಲ್ಲಿ ಅದನ್ನು ತಡೆಯಲು ಅಕ್ಯುಪಂಕ್ಚರ್ ಬೋರ್ಡು ಅಲ್ಲಿನ ಸುಪ್ರೀಂ ಕೋರ್ಟ್ ತನಕ ಹೋಗಿ 2018ರಲ್ಲಿ ಸೋತಿತು.

ಊರಿನಿಂದ ಫೋನು ಬರುವುದು ಹೆಚ್ಚಾಗಿ ಬಿಎನ್‌ವೈಎಸ್ ಓದಿದ ಹುಡುಗಿಯರಿಂದ. ಉಜಿರೆಯಂಥ ಕಡೆ ಐದೂವರೆ ವರ್ಷ ಪ್ರಕೃತಿ ಚಿಕಿತ್ಸೆ ಓದಿ, ಅದರಲ್ಲೇ ಅಕ್ಯುಪಂಕ್ಚರನ್ನೂ ಕಲಿತು, ಮದುವೆಯಾಗಿ, ಗಂಡನ ಕೆಲಸದ ವೀಸಾದ ಮೇಲೆ ಹೆಂಡತಿಗೆ ಸಿಗುವ ಎಚ್‌-4 ವೀಸಾದಲ್ಲಿ ಇಲ್ಲಿಗೆ ಬರುತ್ತಾರೆ. "ಅಕ್ಕಾ, ನಿಮ್ಮ ಕ್ಲಿನಿಕ್‌ನಲ್ಲಿ ಸೇರಬಹುದಾ?" ಅಂತ ಕೇಳುತ್ತಾರೆ. ನಾನು ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಮೊದಲು ಕೆಲಸದ ಪರವಾನಗಿ, ಆಮೇಲೆ ಅಂಕಪಟ್ಟಿಗಳ ಮೌಲ್ಯಮಾಪನ, ಕಮ್ಮಿ ಬಿದ್ದ ಗಂಟೆಗಳನ್ನು ಇಲ್ಲಿನ ಕಾಲೇಜಿನಲ್ಲಿ ತುಂಬಿಸುವುದು, ಆಮೇಲೆ ಪರೀಕ್ಷೆ. ಹೊರಡುವ ಮೊದಲೇ ಕಾಲೇಜಿನಿಂದ ಪ್ರತಿ ವಿಷಯಕ್ಕೂ ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ಕ್ಲಿನಿಕ್ ಅಂತ ಬರೆಸಿಕೊಂಡು ಸೀಲು ಹಾಕಿಸಿಕೊಂಡು ಬನ್ನಿ ಅನ್ನುತ್ತೇನೆ. ಇಲ್ಲಿ ಕೂತು ಅದನ್ನು ತರಿಸುವುದು ದೊಡ್ಡ ಪಾಡು. ಅಲ್ಲಿಯವರೆಗೆ ಗೆಳತಿಯ ತಲೆನೋವಿಗೂ ಮನೆಯಲ್ಲಿ ಸೂಜಿ ಹಾಕಬೇಡಿ ಅಂತಲೂ ಹೇಳುತ್ತೇನೆ, ಕೆಲವರಿಗೆ ಸಿಟ್ಟು ಬರುತ್ತದೆ.

ಈಚೆಗೆ ಒಕ್ಲಹೋಮಾದ ತಲ್ಸಾದಿಂದ ಕಾಲೇಜು ಗೆಳತಿ ಫೋನ್ ಮಾಡಿದ್ದಳು. "ಇಲ್ಲೊಬ್ಬರು ಚೆನ್ನಾಗಿ ಮಾಡ್ತಾರಂತೆ ಕಣೇ, ಲೈಸೆನ್ಸ್ ಹೇಗೆ ನೋಡೋದು?" ಅಂತ. ನೋಡುವುದು ಏನನ್ನು? ಅಲಬಾಮಾ, ಒಕ್ಲಹೋಮಾ, ಸೌತ್ ಡಕೋಟಾದಂಥ ಕಡೆ ಅಕ್ಯುಪಂಕ್ಚರಿಗೆ ಅಂತಲೇ ಒಂದು ಲೈಸೆನ್ಸ್ ಕಾನೂನು ಇಲ್ಲದೆ ದಶಕಗಳು ಕಳೆದಿವೆ. ರಾಷ್ಟ್ರಮಟ್ಟದ ಪರೀಕ್ಷೆಯ ಸರ್ಟಿಫಿಕೇಟ್ ಕೇಳು ಅಂದೆ. ಶುದ್ಧ ಸೂಜಿ ಬಳಕೆಯ ಕೋರ್ಸ್ ಮಾಡಿದ್ದಾರಾ, ವೃತ್ತಿ ವಿಮೆ ಇದೆಯಾ ಕೇಳು. ಸೂಜಿಯ ಪೊಟ್ಟಣ ನಿನ್ನ ಕಣ್ಣೆದುರೇ ಹರಿಯಲಿ, ಬಳಸಿದ್ದು ಎಲ್ಲಿಗೆ ಹೋಗುತ್ತೆ ನೋಡು. ಮೊದಲು ಬೇರೆ ರಾಜ್ಯದಲ್ಲಿ ಇದ್ದರಾ ಅಂತಲೂ ವಿಚಾರಿಸು.

ಮಾರನೇ ದಿನ ಹೆಸರು ಕಳಿಸಿದಳು. ಆ ಮನುಷ್ಯ ಹಿಂದೆ ಕ್ಯಾಲಿಫೋರ್ನಿಯಾದಲ್ಲಿ ಇದ್ದವರಂತೆ. ನಮ್ಮ ರಾಜ್ಯದ ಲೈಸೆನ್ಸ್ ಹುಡುಕುವ ಪುಟದಲ್ಲಿ ಹಾಕಿ ನೋಡಿದೆ. ಹಳೆಯ ಲೈಸೆನ್ಸ್ ಇತ್ತು, ನವೀಕರಿಸದೆ ಅವಧಿ ಮುಗಿದಿತ್ತು, ಶಿಸ್ತು ಕ್ರಮದ ಕಾಗದ ಏನೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಹೋಗುವುದು ಬಿಡುವುದು ಅವಳಿಗೆ ಬಿಟ್ಟಿದ್ದು.