ಎಷ್ಟು ಗೋಲಿಗೆ ಸೋತರು?

ಭಾರತದ ಕಿರಿಯರ ಫುಟ್‌ಬಾಲ್ ಟೀಮಿನ ಮ್ಯಾಚ್ ಇದ್ದ ಮರುದಿನ ನಾನು ಕುಂಬಳೆ ಪೇಟೆಗೆ ಹೋದರೆ ಸಾಕು, ಯಾರಾದರೂ ಕೇಳುತ್ತಾರೆ: "ಎಷ್ಟು ಗೋಲಿಗೆ ಸೋತರು ಮಾರಾಯ್ರೆ?" ಗೆದ್ದರಾ ಎಂದಲ್ಲ. ಸೋತದ್ದು ಅವರ ಲೆಕ್ಕದಲ್ಲಿ ಮೊದಲೇ ಖಾತ್ರಿ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

2017ರ 17 ವರ್ಷದೊಳಗಿನವರ ವಿಶ್ವಕಪ್ ನಮ್ಮ ದೇಶದಲ್ಲೇ ನಡೆಯಿತು. ಅಮೆರಿಕ ವಿರುದ್ಧ 0-3, ಕೊಲಂಬಿಯಾ ವಿರುದ್ಧ 1-2, ಘಾನಾ ವಿರುದ್ಧ 0-4. ಸಿಕ್ಕಿತಲ್ವಾ ಲೆಕ್ಕ?

ಇನ್ನು ಆ ನಡುವಿನ 1. ಕೊಲಂಬಿಯಾ ಮ್ಯಾಚನ್ನು ನಾವು ಏಳೆಂಟು ಜನ ಗೆಳೆಯನ ಮನೆಯ ಚಾವಡಿಯಲ್ಲಿ ಕೂತು ನೋಡಿದ್ದೆವು. 82ನೇ ನಿಮಿಷ. ಬೆಂಗಳೂರಿನ ಸಂಜೀವ್ ಸ್ಟಾಲಿನ್ ಕಾರ್ನರ್ ಹೊಡೆದ. ಮಣಿಪುರದ ಜೀಕ್ಸನ್ ಸಿಂಗ್ ಎಲ್ಲರಿಗಿಂತ ಮೇಲೆ ಹಾರಿ ತಲೆ ಕೊಟ್ಟ. ಗೋಲು! ಫಿಫಾ ವಿಶ್ವಕಪ್ಪಿನಲ್ಲಿ ಭಾರತದ ಮೊಟ್ಟಮೊದಲ ಗೋಲು. ಕುಣಿಯುವ ಗಡಿಬಿಡಿಯಲ್ಲಿ ಯಾರದೋ ಕಾಲು ತಾಗಿ ಚಾ ಚೆಲ್ಲಿತು. ಗೆಳೆಯನ ಅಮ್ಮ ಬಟ್ಟೆ ತಂದು ಒರೆಸಿ ಏಳುವ ಮೊದಲೇ ಕೊಲಂಬಿಯಾ ಇನ್ನೊಂದು ಹೊಡೆದಾಗಿತ್ತು. ಅಮ್ಮ ಒದ್ದೆ ಬಟ್ಟೆ ಕೈಯಲ್ಲೇ ಹಿಡಿದು ಟಿವಿ ನೋಡುತ್ತಾ ನಿಂತರು. "ಪಾಪ, ಮಕ್ಕಳು" ಎಂದರು. ನನಗೆ ಅಳು ಬಂದಿತ್ತು, ಮುಚ್ಚಿಡುವುದೇನಿದೆ.

ಮರುದಿನ ಪೇಟೆಯಲ್ಲಿ ಅದೇ ಪ್ರಶ್ನೆ. ಎಷ್ಟು ಗೋಲಿಗೆ?

2018ರಲ್ಲಿ ನಮ್ಮ 20 ವರ್ಷದೊಳಗಿನವರು ಸ್ಪೇನ್‌ನಲ್ಲಿ ಅರ್ಜೆಂಟೀನಾದ ಅದೇ ವಯಸ್ಸಿನ ಟೀಮನ್ನು 2-1ರಿಂದ ಸೋಲಿಸಿದರು. ಒಬ್ಬನಿಗೆ ಕೆಂಪು ಕಾರ್ಡ್ ಸಿಕ್ಕಿ ಹತ್ತೇ ಜನ ಉಳಿದಿದ್ದರು. ಆಮೇಲೆ ಅನ್ವರ್ ಅಲಿ ಫ್ರೀ ಕಿಕ್‌ನಲ್ಲಿ ಎರಡನೇ ಗೋಲು ಹೊಡೆದ. ನಮ್ಮೂರಲ್ಲಿ ವಿಶ್ವಕಪ್ ಬಂದರೆ ಅರ್ಜೆಂಟೀನಾದ ಬಾವುಟ ಕಟ್ಟಲು ತೆಂಗಿನ ಮರ ಸಾಲುವುದಿಲ್ಲ. ಆದರೆ ಆ ವಾರ ಒಬ್ಬರೂ ನನ್ನನ್ನು ಏನೂ ಕೇಳಲಿಲ್ಲ.

ಮೊನ್ನೆ ಸಂಜೆ ಗದ್ದೆಯಲ್ಲಿ ಆಡುವ ಹುಡುಗರಿಗೆ ಜೀಕ್ಸನ್ ಗೋಲಿನ ಕತೆ ಹೇಳಿದೆ. ಕೊನೆಗೆ ಎಷ್ಟಾಯಿತು ಎಂದು ಯಾರೂ ಕೇಳಲಿಲ್ಲ. ಒಬ್ಬ ಮಾತ್ರ ಕೇಳಿದ: "ಕಾರ್ನರ್ ಹೊಡೆದದ್ದು ಯಾವ ಕಾಲಲ್ಲಿ?"

"ಎಡಗಾಲಲ್ಲಿ" ಎಂದೆ.

ಅವನೂ ಎಡಗಾಲಿನವನೇ. ಚೆಂಡು ಎತ್ತಿಕೊಂಡು ಮೂಲೆಗೆ ಓಡಿದ.