ವಾಲಗದವರಿಗೆ ಸರ್ಕಾರ ಯಾಕೆ ದುಡ್ಡು ಕೊಡಬೇಕು?

ಮಡಿಕೇರಿಯಲ್ಲಿ ಯಾರ ಜೊತೆ ಮಾತಾಡುತ್ತಾ ನಿಂತರೂ ಕೊನೆಗೆ ಈ ಪ್ರಶ್ನೆ ಬಂದೇ ಬರುತ್ತದೆ. "ಅಲ್ಲ ಮೇಷ್ಟ್ರೇ, ವಾಲಗದವರಿಗೆ, ವಾದ್ಯವೃಂದಕ್ಕೆ ಅಂತ ಸರ್ಕಾರದ ಹತ್ತಿರ ಯಾಕೆ ಕೈಯೊಡ್ಡುತ್ತೀರಿ? ಬೇಕಾದವರು ದುಡ್ಡು ಕೊಟ್ಟು ಕರೆಸಿಕೊಳ್ಳಲಿ ಬಿಡಿ." ನಾನು ಪಿಟೀಲು ಕಲಿಸುವವನು. ನಮ್ಮ ಕಡೆಯ ತಂಡಗಳಿಗೆ ಅನುದಾನದ ಅರ್ಜಿಯನ್ನೂ ಬರೆದುಕೊಡುತ್ತೇನೆ. ಹಾಗಾಗಿ ನನ್ನನ್ನೇ ಜಾಸ್ತಿ ಕೇಳುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಉತ್ತರ ಕೊಟ್ಟು ಹೊರಡುವ ಬದಲು ಇಲ್ಲಿ ಪೂರ್ತಿ ಬರೆದುಬಿಡುತ್ತೇನೆ.

ದುಡ್ಡು ಕೊಟ್ಟು ಕರೆಸುವವರು ಇದ್ದಾರೆ, ನಿಜ. ವಾಲಗ ಇಲ್ಲದೆ ಕೊಡವರ ಮದುವೆ ಇಲ್ಲ. ಆದರೆ ಮದುವೆ ವರ್ಷವಿಡೀ ನಡೆಯುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಕರೆಯುವವರು ಕಡಿಮೆ, ಜುಲೈ-ಆಗಸ್ಟ್‌ನಲ್ಲಿ ಬರುವ ಕೊಡವರ ಕಕ್ಕಡ ತಿಂಗಳಲ್ಲಂತೂ ಶುಭಕಾರ್ಯವೇ ಇಲ್ಲ. ಹಾಗಂತ ವಾದ್ಯವನ್ನು ಅಟ್ಟದ ಮೇಲೆ ಇಟ್ಟು ಮರೆಯಲು ಆಗುವುದಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಪರೆ ಅನ್ನುವ ನಮ್ಮ ಚರ್ಮವಾದ್ಯದ ಚರ್ಮ ಸಡಿಲವಾಗುತ್ತದೆ. ನುಡಿಸುವ ಮೊದಲು ಬೆಂಕಿಯ ಹತ್ತಿರ ಹಿಡಿದು, ನಿಧಾನಕ್ಕೆ ತಿರುಗಿಸುತ್ತಾ ಕಾಯಿಸಬೇಕು. ಬೆರಳಿನಿಂದ ತಟ್ಟಿ ನೋಡಬೇಕು. ದಬ್ ಅಂದರೆ ಇನ್ನೂ ಸ್ವಲ್ಪ ಕಾಯಬೇಕು, ಗಟ್ಟಿಯಾಗಿ ಟಣ್ ಅಂದರೆ ತಕ್ಷಣ ಸರಿಸಬೇಕು, ಒಂದು ಚೂರು ಜಾಸ್ತಿಯಾದರೆ ಚರ್ಮ ಬಿರಿದೇ ಹೋಗುತ್ತದೆ. ಬುಟ್ಟಿ ಹೆಣೆಯುತ್ತಾ, ಪರೆ ಬಾರಿಸುತ್ತಾ ಬಂದ ಮೇದರ ಮನೆಗಳಲ್ಲಿ ಇದನ್ನು ಅಪ್ಪನ ಪಕ್ಕ ಕೂತೇ ಕಲಿಯುವುದು. ಮಗ ತೋಟದ ಕೆಲಸಕ್ಕೋ ಬೆಂಗಳೂರಿಗೋ ಹೋದರೆ ಆ ಮನೆಯ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಮದುವೆಯವರು ನುಡಿಸಿದ ದಿನಕ್ಕೆ ದುಡ್ಡು ಕೊಡುತ್ತಾರೆ. ಕಲಿಯಲು ಹಿಡಿದ ವರ್ಷಗಳಿಗೆ ಕೊಡುವವರು ಯಾರು?

ಪಾಶ್ಚಾತ್ಯ ಸಂಗೀತದ ದೊಡ್ಡ ದೊಡ್ಡ ಆರ್ಕೆಸ್ಟ್ರಾಗಳ ಕಷ್ಟವೂ ಇದೇ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬಾಮೋಲ್ ಮತ್ತು ವಿಲಿಯಂ ಬೋವೆನ್ 1966ರಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ. ಬೇರೆ ಕಸುಬಿಗೆ ಯಂತ್ರ ಬರುತ್ತದೆ, ಅಷ್ಟೇ ಜನ ಹೆಚ್ಚು ಕೆಲಸ ಮಾಡುತ್ತಾರೆ, ಸಂಬಳ ಏರುತ್ತದೆ. ಸಂಗೀತದಲ್ಲಿ ಹಾಗಲ್ಲ. ನಾಲ್ಕು ಜನ ಅರ್ಧ ಗಂಟೆ ನುಡಿಸುವ ಕೃತಿಗೆ ಇನ್ನೂರು ವರ್ಷದ ಹಿಂದೆಯೂ ನಾಲ್ಕು ಜನ, ಅರ್ಧ ಗಂಟೆ ಬೇಕಿತ್ತು, ಇವತ್ತಿಗೂ ಅಷ್ಟೇ ಬೇಕು. ಆದರೆ ಆ ನಾಲ್ವರೂ ಅಕ್ಕಿ ಕೊಳ್ಳುವುದು ಇವತ್ತಿನ ರೇಟಿಗೆ ಅಲ್ವಾ? ಖರ್ಚು ಏರುತ್ತಲೇ ಹೋಗುತ್ತದೆ, ಟಿಕೆಟ್ ದುಡ್ಡು ಅದರ ಹಿಂದೆ ಓಡಿ ಓಡಿ ಸೋಲುತ್ತದೆ.

ಇಲ್ಲಿ ನಮ್ಮ ಕಾಫಿಯನ್ನೇ ನೋಡಿ. ಹೊಸ ಗಿಡ ನೆಡಲು, ನೀರಿನ ತೊಟ್ಟಿ ಕಟ್ಟಲು ಕಾಫಿ ಮಂಡಳಿಯಿಂದ ಸಹಾಯಧನ ಸಿಗುತ್ತದೆ. ಸಿಗಲೇಬೇಕು. ಗಿಡ ಫಸಲಿಗೆ ಬರಲು ವರ್ಷಗಳು ಬೇಕು, ಅಲ್ಲಿಯವರೆಗೆ ಬೆಳೆಗಾರ ತಡೆದುಕೊಳ್ಳಬೇಕಲ್ಲ. ಕೊಂಬು ಊದಲು ಕಲಿಯುವ ಹುಡುಗನಿಗೆ ಮಾತ್ರ ಬೇರೆ ನ್ಯಾಯ ಯಾಕೆ?

ಹೊರಗಿನವರು ಇದಕ್ಕೆ ಬೇರೆ ಬೇರೆ ದಾರಿ ಹುಡುಕಿಕೊಂಡಿದ್ದಾರೆ. ಜರ್ಮನಿಯಲ್ಲಿ ರಾಜ್ಯಗಳು ಮತ್ತು ನಗರಸಭೆಗಳೇ ಎಷ್ಟೋ ಆರ್ಕೆಸ್ಟ್ರಾಗಳ ಬಹುಪಾಲು ಖರ್ಚು ಹೊರುತ್ತವೆ. ಬ್ರಿಟನ್ನಿನಲ್ಲಿ ಯುದ್ಧ ಮುಗಿದು, ಊಟದ ಸಾಮಾನಿಗೆ ಇನ್ನೂ ರೇಷನ್ ಇದ್ದಾಗಲೇ, 1946ರಲ್ಲಿ ಆರ್ಟ್ಸ್ ಕೌನ್ಸಿಲ್ ಹುಟ್ಟಿತು. ದುಡ್ಡು ಸರ್ಕಾರದ್ದು, ಯಾರಿಗೆ ಕೊಡಬೇಕು ಎಂದು ನೋಡುವುದು ಮಂತ್ರಿಗಳಲ್ಲ, ಕೌನ್ಸಿಲ್. "ಸರ್ಕಾರದ ದುಡ್ಡು ತಿಂದರೆ ಹೊಗಳುಭಟರಾಗುತ್ತಾರೆ" ಅನ್ನುವವರಿಗೆ ನಾನು ತೋರಿಸುವುದು ಇದನ್ನೇ. ಆ ಭಯ ಸುಳ್ಳಲ್ಲ, ಆದರೆ ಅದಕ್ಕೆ ಮದ್ದಿದೆ. ಅಮೆರಿಕದಲ್ಲಿ ದಾನಿಗಳದ್ದೇ ದೊಡ್ಡ ಪಾಲು. 1965ರಲ್ಲಿ ಶುರುವಾದ ಅಲ್ಲಿನ ಸರ್ಕಾರಿ ಕಲಾ ನಿಧಿ 2025ರ ಮೇ ತಿಂಗಳಲ್ಲಿ, ಕೊಡುತ್ತೇವೆ ಎಂದಿದ್ದ ಎಷ್ಟೋ ಅನುದಾನಗಳನ್ನು ರದ್ದು ಮಾಡಿತು. ಆದರೂ ಅಲ್ಲಿನ ಆರ್ಕೆಸ್ಟ್ರಾಗಳದ್ದು 1942ರಿಂದ ಒಂದು ಒಕ್ಕೂಟ ಇದೆ. ಎಲ್ಲರ ಲೆಕ್ಕಪತ್ರ ಒಟ್ಟು ಮಾಡಿ, ಜನಪ್ರತಿನಿಧಿಗಳ ಮುಂದೆ ಇಟ್ಟು, ಕೂತು ಮಾತಾಡುತ್ತದೆ.

ನಮಗೆ ಇದೆಲ್ಲ ಹೊಸದೂ ಅಲ್ಲ. 1945ರಲ್ಲಿ ಲಂಡನ್ನಿನಲ್ಲಿ ಶುರುವಾದ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ಮೊದಲ ಕಷ್ಟದ ವರ್ಷಗಳಲ್ಲಿ ಹಣ ಕೊಟ್ಟು ನಿಲ್ಲಿಸಿದವರಲ್ಲಿ ಮೈಸೂರಿನ ಜಯಚಾಮರಾಜ ಒಡೆಯರ್ ಒಬ್ಬರು. ಅದರ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರೂ ಅವರೇ. ಆ ಆರ್ಕೆಸ್ಟ್ರಾ ಇವತ್ತಿಗೂ ನುಡಿಸುತ್ತಿದೆ. ಮೈಸೂರು ಅರಮನೆಯ ಬ್ಯಾಂಡು ಮುಂದೆ ಪೊಲೀಸ್ ಇಲಾಖೆಗೆ ಸೇರಿತು, ಅದಕ್ಕೇ ದಸರಾದಲ್ಲಿ ಅದನ್ನು ಇನ್ನೂ ಕೇಳುತ್ತಿದ್ದೇವೆ. ತಿಂಗಳ ಸಂಬಳ ಇದ್ದುದರಿಂದ ಅದು ಉಳಿಯಿತು. ಆಕಾಶವಾಣಿ 1952ರಲ್ಲಿ ವಾದ್ಯವೃಂದ ಕಟ್ಟಿದ್ದೂ ಸರ್ಕಾರದ ದುಡ್ಡಿನಲ್ಲೇ.

ಇಷ್ಟು ಹೇಳಿದ ಮೇಲೆ, ಈಗ ಸಿಗುವ ದುಡ್ಡು ಹೋಗುವ ದಾರಿಯ ಬಗ್ಗೆ ನನಗೆ ಸಿಟ್ಟಿದೆ. ಹಣ ಹರಿಯುವುದು ಕಾರ್ಯಕ್ರಮಕ್ಕೆ. ವೇದಿಕೆ, ಶಾಮಿಯಾನ, ಲೈಟು, ಸೌಂಡಿನ ಬಿಲ್ ಮೊದಲು ಆಗುತ್ತದೆ. ವಾಲಗದವರ ಕೈಗೆ ಬಂದ ಸಂಭಾವನೆಯಲ್ಲಿ ಜೀಪಿನ ಬಾಡಿಗೆ ಕಳೆದು ಉಳಿದದ್ದನ್ನು ತಂಡದವರೆಲ್ಲ ಹಂಚಿಕೊಂಡರೆ ಒಬ್ಬೊಬ್ಬರಿಗೆ ಒಂದು ದಿನದ ತೋಟದ ಕೂಲಿಯೂ ಗಿಟ್ಟದ ಸಂಜೆಗಳನ್ನು ನಾನು ನೋಡಿದ್ದೇನೆ. ನಾನು ಕೇಳುವುದು ಬೇರೆ. ಮಳೆಗಾಲದ ತಿಂಗಳುಗಳಲ್ಲಿ ಕಲಿಸುವ ಹಿರಿಯರಿಗೂ ಕಲಿಯುವ ಮಕ್ಕಳಿಗೂ ಭತ್ಯೆ ಕೊಡಿ. ಹೊಸ ಚರ್ಮ, ಹೊಸ ಕೊಂಬು ಕೊಳ್ಳಲು ಕೊಡಿ. ಅದೆಲ್ಲ ಆದ ಮೇಲೆ ವೇದಿಕೆ ಹಾಕಿ, ಸಂತೋಷ.

ಇನ್ನು ಅರ್ಜಿಯ ಕಷ್ಟ. ಸಂಘದ ನೋಂದಣಿ, ಆಡಿಟ್ ಆದ ಲೆಕ್ಕ, ಕಾರ್ಯಕ್ರಮದ ಫೋಟೋ, ಪೇಪರ್ ಕಟಿಂಗ್, ಎಲ್ಲವನ್ನೂ ಸ್ಕ್ಯಾನ್ ಮಾಡಿ ಆನ್‌ಲೈನಿನಲ್ಲಿ ಹಾಕಬೇಕು. ಜೀವಮಾನವಿಡೀ ಪರೆ ಬಾರಿಸಿದ ಹಿರಿಯರ ಹತ್ತಿರ ಪೇಪರ್ ಕಟಿಂಗ್ ಎಲ್ಲಿರುತ್ತದೆ? ಅವರ ಸುತ್ತ ಕುಣಿದ ನಮ್ಮೆಲ್ಲರ ಮದುವೆ ಆಲ್ಬಮ್ಮಿನಲ್ಲಿ ಅವರ ಫೋಟೋ ಇದೆ. ಅದನ್ನಾದರೂ ಹುಡುಕಿ ಕೊಡಿ. ಅರ್ಜಿ ಕರೆದಿದ್ದಾರೆ ಎಂದು ಗೊತ್ತಾದ ದಿನವೇ ನಿಮ್ಮೂರಿನ ತಂಡದವರ ಮನೆಗೆ ಹೋಗಿ ಹೇಳಿ, ಒಂದು ಭಾನುವಾರ ಕೂತು ಫಾರಂ ತುಂಬಿಸಿ. ಶಾಸಕರು ನಿಮ್ಮ ಕಡೆ ಬಂದಾಗ ರಸ್ತೆಯ ಮನವಿ ಜೊತೆ ಇದನ್ನೂ ಬರೆದು ಕೊಡಿ, ನಕಲು ಇಟ್ಟುಕೊಳ್ಳಿ. ಯಾವ ಕಾಗದ ಬೇಕು ಅಂತ ತಿಳಿಯದಿದ್ದರೆ ನನ್ನನ್ನು ಕೇಳಿ, ಕೂತು ಬರೆಯೋಣ.